ಮೊದಲು ಮನೆಯವರಿಗೆ, ಆಮೇಲೆ ಊರಿಗೆ

ಸಂಪಾದಕರೇ,

ವಿದ್ಯಾರ್ಥಿಗಳು ನೀರು, ಗಾಳಿ, ಮಣ್ಣನ್ನು ಪರೀಕ್ಷಿಸಿ, ಸಿಕ್ಕಿದ್ದನ್ನು ಅದೇ ಸಂಜೆ ಮೊಬೈಲ್‌ನಲ್ಲಿ ಹಂಚುವುದು ಈಗ ಜಾಸ್ತಿಯಾಗಿದೆ. ಅವರ ಉತ್ಸಾಹ ನನಗೂ ಇಷ್ಟ. ನಾನು ವಿಜ್ಞಾನದ ಶಿಕ್ಷಕಿ. ಆದರೆ ನಮ್ಮಿಂದಲೇ ಆದ ಒಂದು ತಪ್ಪನ್ನು ಹೇಳಲೇಬೇಕು.

ನಮ್ಮ ಮಕ್ಕಳು ಬಾವಿಗಳ ನೀರಿನಲ್ಲಿ ನೈಟ್ರೇಟ್ (ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರುವ ಲವಣ) ಎಷ್ಟಿದೆ ಎಂದು ನೋಡುತ್ತಿದ್ದರು. ಬಣ್ಣ ಬದಲಿಸುವ ಪರೀಕ್ಷೆಯ ಪಟ್ಟಿಯನ್ನು ನೀರಲ್ಲಿ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟೇ ಹೊತ್ತು ಬಿಟ್ಟು ಬಣ್ಣ ನೋಡಬೇಕು. ಒಂದು ಬಾವಿಯ ಹತ್ತಿರ ಮಾತಾಡುತ್ತಾ ಹೊತ್ತು ಮೀರಿತು, ನೈಟ್ರೇಟ್ ಜಾಸ್ತಿ ಇದೆ ಎನ್ನುವಂತೆ ಪಟ್ಟಿ ಕಡುಗುಲಾಬಿಯಾಯಿತು. ಅದನ್ನೇ ಬರೆದುಕೊಂಡರು. ಮನೆಯ ಗುರುತು ಸಮೇತ ನಕ್ಷೆ ಗೋಡೆಗೆ ಹತ್ತಿತು. ಕೆಳಗೆ ಯಾರೋ ‘ಕುದಿಸಿ ಕುಡಿಯಿರಿ’ ಎಂದೂ ಬರೆದರು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಎಳೆಗೂಸು ಇರುವ ಮನೆಗೆ ಇದು ಅಪಾಯದ ಸಲಹೆ.

ಆ ಮನೆಯ ಅಜ್ಜಿಗೆ ವಿಷಯ ಗೊತ್ತಾಗಿದ್ದು ಅಕ್ಕಪಕ್ಕದವರು ನೀರಿಗೆ ಬರುವುದನ್ನು ನಿಲ್ಲಿಸಿದ ಮೇಲೆ. ಪ್ರಯೋಗಾಲಯಕ್ಕೆ ಕಳಿಸಿದಾಗ ನೈಟ್ರೇಟ್ ಮಿತಿಯೊಳಗೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ತಪ್ಪಾಯಿತು ಅನ್ನಲು ಹೋದೆವು. ‘ಮೊದ್ಲು ನನಗೊಂದು ಮಾತು ಹೇಳ್ಬಹುದಿತ್ತಲ್ವಾ ಟೀಚರ್?’ ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಂತ ಮುಚ್ಚಿಡಿ ಅನ್ನುತ್ತಿಲ್ಲ. 2015ರಲ್ಲಿ ಅಮೆರಿಕದ ಫ್ಲಿಂಟ್ ನಗರದ ನೀರಿನಲ್ಲಿ ಸೀಸ ಇರುವುದನ್ನು ಲೋಕಕ್ಕೆ ತೋರಿಸಿದವರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಇದ್ದರು. ಅವರು ನೀರಿನ ಮಾದರಿ ಹಿಡಿಯುವ 300 ಕಿಟ್ ಕಳಿಸಿದರು. ನಲ್ಲಿ ನೀರು ಹಿಡಿದವರು ಅಲ್ಲಿನ ಜನರೇ. ಪರೀಕ್ಷೆ ಪ್ರಯೋಗಾಲಯದಲ್ಲಿ ನಡೆಯಿತು. ಫಲಿತಾಂಶ ಹೇಳುವಾಗ ಜನ ಏನು ಮಾಡಬೇಕು ಎಂಬುದನ್ನೂ ಹೇಳಿದರು. ಅಕ್ಟೋಬರಿನಲ್ಲಿ ನಗರ ಹಳೆಯ ನೀರಿನ ಮೂಲಕ್ಕೆ ಮರಳಿತು. ಅಲ್ಲಿ ಜನ ಬರೀ ನಕ್ಷೆಯ ಮೇಲಿನ ಚುಕ್ಕಿಗಳಾಗಿರಲಿಲ್ಲ, ಕೆಲಸದಲ್ಲಿ ಪಾಲುದಾರರಾಗಿದ್ದರು.

ಈಗ ನಮ್ಮ ತರಗತಿಯಲ್ಲಿ ಒಂದೇ ಸಲ ನೋಡಿ ಯಾವ ಅಂಕಿಯನ್ನೂ ಹೊರಗೆ ಬಿಡುವುದಿಲ್ಲ. ಅನುಮಾನ ಬಂದರೆ ಅದೇ ದಿನ ಮನೆಯವರಿಗೆ ಹೇಳುತ್ತೇವೆ, ಇನ್ನೂ ಖಚಿತವಾಗಿಲ್ಲ ಅನ್ನುವುದನ್ನೂ ಸೇರಿಸಿ. ಎಲ್ಲರಿಗೂ ತೋರಿಸುವ ನಕ್ಷೆಯಲ್ಲಿ ಮನೆಯ ಗುರುತು ಇರುವುದಿಲ್ಲ.

ತಮ್ಮಲ್ಲೊಂದು ವಿನಂತಿ. ಮಕ್ಕಳ ಇಂಥ ವರದಿ ನಿಮ್ಮ ಕೈಗೆ ಬಂದರೆ, ಅಚ್ಚು ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ಆ ನೀರು ಕುಡಿಯುವವರಿಗೆ ಇದನ್ನು ಹೇಳಿದ್ದೀರಾ?

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ