ಮುಷ್ಟಿಯೊಳಗಿನ ಐದು ಕವಡೆ

ಪ್ರೀತಿಯ ಮಗಳಿಗೆ,

ಅಮೆರಿಕದ ತತ್ತ್ವಶಾಸ್ತ್ರಜ್ಞ ಎಡ್ಮಂಡ್ ಗೆಟಿಯರ್ ಅವರ ಲೇಖನ ಓದಿದ ಮೇಲೆ ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸುವುದು ಸಾಧ್ಯವಿರಲಿಲ್ಲ. ನಂಬಿದ ಸಂಗತಿ ನಿಜವಾಗಿದ್ದು, ನಂಬುವುದಕ್ಕೆ ತಕ್ಕ ಆಧಾರವೂ ಇದ್ದರೆ ಅದನ್ನು ಜ್ಞಾನವೆನ್ನಲು ಇನ್ನೇನು ಬೇಕು ಎಂದು ಕೇಳಿದ್ದೆ. 1963ರಲ್ಲಿ ಪ್ರಕಟವಾದ ಆ ಮೂರು ಪುಟಗಳು ಅಲುಗಿಸಿದ್ದು ಇದನ್ನೇ. ಒಂದು ಕೆಲಸ ಜೋನ್ಸ್‌ಗೇ ಸಿಗುತ್ತದೆಂದು ಸ್ಮಿತ್ ಬಲವಾದ ಆಧಾರದ ಮೇಲೆ ನಂಬಿದ್ದಾನೆ. ಜೋನ್ಸ್‌ನ ಜೇಬಿನಲ್ಲಿರುವ ಹತ್ತು ನಾಣ್ಯಗಳನ್ನು ಎಣಿಸಿಯೂ ನೋಡಿದ್ದಾನೆ. ಆದ್ದರಿಂದ ಕೆಲಸ ಸಿಗುವವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆ ಎಂದು ತೀರ್ಮಾನಿಸುತ್ತಾನೆ. ಕೊನೆಗೆ ಕೆಲಸ ಸಿಕ್ಕಿದ್ದು ಸ್ಮಿತ್‌ಗೆ, ಮತ್ತು ಅವನಿಗೇ ತಿಳಿಯದಂತೆ ಅವನ ಜೇಬಿನಲ್ಲೂ ಇದ್ದದ್ದು ಹತ್ತೇ ನಾಣ್ಯ. ತೀರ್ಮಾನ ನಿಜವಾಯಿತು, ಆಧಾರವೂ ಇತ್ತು. ಆದರೂ ಅವನಿಗೆ ಅದು ತಿಳಿದಿತ್ತು ಎನ್ನಲು ಬಾಯಿ ಬರುವುದಿಲ್ಲ.

12ನೆಯ ಶತಮಾನದ ಶ್ರೀಹರ್ಷನ 'ಖಂಡನಖಂಡಖಾದ್ಯ'ದಲ್ಲಿ ಇಂಥದ್ದೇ ಒಂದು ಎಣಿಕೆ ಬರುತ್ತದೆ. ಒಬ್ಬ ಮುಷ್ಟಿ ಮುಚ್ಚಿ ಎಷ್ಟು ಕವಡೆಗಳಿವೆ ಎಂದು ಕೇಳುತ್ತಾನೆ, ಎದುರಿನವನು ಐದು ಎನ್ನುತ್ತಾನೆ, ಬಿಚ್ಚಿ ನೋಡಿದರೆ ಐದೇ. ಕಾಕತಾಳೀಯವಾಗಿ ನಿಜವಾದ ಇದನ್ನು ಪ್ರಮೆ, ಅಂದರೆ ಸರಿಯಾದ ಜ್ಞಾನ, ಎನ್ನುತ್ತೀರಾ ಎಂಬುದು ಶ್ರೀಹರ್ಷನ ಸವಾಲು. ನಮ್ಮವರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದರು ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ಕವಡೆಯ ಲೆಕ್ಕ ಹೇಳಿದವನಿಗೆ ಆಧಾರವೇ ಇರಲಿಲ್ಲ, ಸ್ಮಿತ್‌ಗೆ ಇತ್ತು. ಅಲ್ಲದೆ ಪ್ರಮೆಗೆ ಯಾವ ಲಕ್ಷಣವನ್ನು ಹೇಳಿದರೂ ನಿಲ್ಲದು ಎಂದು ತೋರಿಸುವುದೇ ಶ್ರೀಹರ್ಷನ ಉದ್ದೇಶವಾಗಿತ್ತು. ಆದರೆ ಗೆಟಿಯರ್, ಶ್ರೀಹರ್ಷ ಇಬ್ಬರೂ ಬೆರಳಿಟ್ಟು ತೋರಿಸುವ ಜಾಗ ಒಂದೇ: ನಿಜವನ್ನು ಮುಟ್ಟಿದರೆ ಸಾಲದು, ಮುಟ್ಟಿದ ದಾರಿಯೂ ಸರಿಯಿರಬೇಕು.

ದಾರಿ ಸರಿಯಿತ್ತೆಂದು ತಿಳಿಯುವುದು ಹೇಗೆ? ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಸಫಲವಾದ ಪ್ರವೃತ್ತಿಯನ್ನು, ಅಂದರೆ ಫಲ ಕೊಟ್ಟ ನಡೆಯನ್ನು, ನೋಡು ಎನ್ನುತ್ತಾರೆ. ನೀರು ಕಂಡಿತು, ಹೋದೆ, ಕುಡಿದೆ, ಬಾಯಾರಿಕೆ ತಣಿಯಿತು. ಆದ್ದರಿಂದ ಕಂಡದ್ದು ನೀರೇ. ಒಪ್ಪುವಂಥ ಮಾತು, ಆದರೆ 8ನೆಯ ಶತಮಾನದ ಬೌದ್ಧ ಪಂಡಿತ ಧರ್ಮೋತ್ತರನ ಪಯಣಿಗನನ್ನು ಇದರ ಎದುರಿಗೆ ನಿಲ್ಲಿಸು. ಮರುಭೂಮಿಯಲ್ಲಿ ಅವನಿಗೆ ಕಂಡದ್ದು ಬಿಸಿಲ್ಗುದುರೆ, ಅಲ್ಲಿಗೆ ಹೋದರೆ ಬಂಡೆಯ ಅಡಿಯಲ್ಲಿ ನಿಜವಾಗಿಯೂ ನೀರಿದೆ. ಬಾಯಾರಿಕೆ ತಣಿಯಿತು, ಆದರೂ ಅವನು ನೀರನ್ನು ಕಂಡಿರಲಿಲ್ಲ.

ಇಲ್ಲಿಂದ ಮುಂದೆ ಸಂಶಯಕ್ಕೆ ಕೊನೆಯೇ ಇಲ್ಲ ಎನಿಸುತ್ತದೆ. ಪರೀಕ್ಷೆಯನ್ನು ಪರೀಕ್ಷಿಸಬೇಕು, ಅದನ್ನು ಮತ್ತೊಂದರಿಂದ. ಇದಕ್ಕೆ ಅನವಸ್ಥೆ ಎಂದು ಹೆಸರು. ಸಂಶಯ ಮುಂದುವರಿಯುವುದು ವ್ಯಾಘಾತದವರೆಗೆ ಮಾತ್ರ, ಅಂದರೆ ಸಂಶಯ ಪಡುವವನ ಸ್ವಂತ ನಡೆಯೇ ಅದಕ್ಕೆ ಅಡ್ಡಬರುವವರೆಗೆ ಮಾತ್ರ, ಎಂದು ನೈಯಾಯಿಕ ಉದಯನ ಶ್ಲೋಕವೊಂದರಲ್ಲಿ ಹೇಳಿದ. ಶ್ರೀಹರ್ಷ ಅದೇ ಶ್ಲೋಕದ ಕೆಲವೇ ಪದಗಳನ್ನು ಬದಲಿಸಿ ಅದನ್ನು ಉದಯನನ ಮೇಲೆಯೇ ತಿರುಗಿಸಿದ: ಸಂಶಯವಿದ್ದರೆ ತಾನೇ ಅದಕ್ಕೂ ನಡೆಗೂ ವಿರೋಧ, ಹೀಗಿರುವಾಗ ಆ ವಿರೋಧವೇ ಸಂಶಯವನ್ನು ಕೊನೆಗಾಣಿಸುವುದು ಹೇಗೆ? ಇಂಥ ತುಂಟತನವನ್ನು ತರ್ಕಗ್ರಂಥಗಳಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಇದಕ್ಕೆ ಮಿಥಿಲೆಯ ನೈಯಾಯಿಕ ಗಂಗೇಶನ ಉತ್ತರ ನನಗೆ ಅಚ್ಚುಮೆಚ್ಚು. ಬೆಂಕಿಯಿಂದ ಹೊಗೆ ಬರುತ್ತದೆಯೇ ಎಂದು ಸಂಶಯಪಡುವವನು ಹೊಗೆ ಬೇಕಾದಾಗ ತಪ್ಪದೆ ಬೆಂಕಿ ಹಚ್ಚುತ್ತಾನೆ, ಹಸಿವು ಹಿಂಗಿಸಲು ಉಣ್ಣುತ್ತಾನೆ, ತನ್ನ ಸಂಶಯ ಇನ್ನೊಬ್ಬರಿಗೆ ತಿಳಿಯಲೆಂದು ಮಾತಾಡುತ್ತಾನೆ. ಹಾಗೆ ಮಾಡುವವನಲ್ಲಿ ಆ ಸಂಶಯ ಹುಟ್ಟಿಯೇ ಇಲ್ಲ. ಬಾಯಲ್ಲಿ ಆಡಿದ ಮಾತ್ರಕ್ಕೆ ಸಂಶಯ ಮನಸ್ಸಿನಲ್ಲಿದೆ ಎಂದಾಗುವುದಿಲ್ಲ.

ಅನವಸ್ಥೆಯನ್ನು ನಮ್ಮ ನಾಡಿನ ಮಧ್ವರು ನಿಲ್ಲಿಸಿದ್ದು ಬೇರೆ ಜಾಗದಲ್ಲಿ. ಮನಸ್ಸೂ ಒಂದು ಇಂದ್ರಿಯವೇ, ಅದು ತಪ್ಪಬಹುದು. ಆದರೆ ಆತ್ಮದ ಸ್ವರೂಪವೇ ಆದ ಸಾಕ್ಷಿ ಎಂಬ ಒಳಗಿನ ಅರಿವು ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ, ಅಂದರೆ ಅದು ಸರಿಯಾದ ಜ್ಞಾನ ಎಂಬುದನ್ನೂ, ತಾನೇ ಗ್ರಹಿಸುತ್ತದೆ, ಸಂಶಯ ಬಂದರೆ ಪರೀಕ್ಷೆಯ ನೆರವು ಪಡೆಯುತ್ತದೆ, ಮತ್ತು ಅದರ ನಿರ್ಣಯಕ್ಕೆ ಮತ್ತೊಂದು ಪ್ರಮಾಣ ಬೇಕಿಲ್ಲ. ಅವರ ಪರಂಪರೆಯ ಜಯತೀರ್ಥರು ಇದನ್ನು ಬೆಳೆಸಿದರು. ವಿಜಯನಗರದ ಕಾಲದ ವ್ಯಾಸತೀರ್ಥರು 'ತರ್ಕತಾಂಡವ'ದಲ್ಲಿ ಗಂಗೇಶನ ಪಕ್ಷವನ್ನೇ ಎದುರಿಟ್ಟುಕೊಂಡು ಮಧ್ವರ ನಿಲುವನ್ನು ಸಮರ್ಥಿಸಿದರು. ತಲೆ ನೋಯುತ್ತಿರುವಾಗ, ನನಗೆ ನಿಜವಾಗಿಯೂ ನೋವಾಗುತ್ತಿದೆಯೇ ಎಂದು ಯಾರೂ ಸಂಶಯಪಡುವುದಿಲ್ಲ ಎಂಬುದನ್ನು ನೆನೆದರೆ ಈ ವಾದದ ಬಲ ತಿಳಿಯುತ್ತದೆ.

ಆದರೆ ಬಿಸಿಲ್ಗುದುರೆಯನ್ನು ಕಂಡ ಪಯಣಿಗನಿಗೂ ಗಟ್ಟಿ ನಿಶ್ಚಯವಿತ್ತಲ್ಲ? ಅದು ಮನಸ್ಸಿನ ನಿಶ್ಚಯ, ಸಾಕ್ಷಿಯದಲ್ಲ ಎಂದು ದ್ವೈತಿಗಳು ಹೇಳುತ್ತಾರೆ. ಆ ಕ್ಷಣದಲ್ಲಿ, ಒಳಗಿನಿಂದ, ಅವನು ಅವೆರಡನ್ನು ಬೇರ್ಪಡಿಸುವುದು ಯಾವುದರಿಂದ ಎಂಬಲ್ಲಿಗೆ ಬಂದಾಗ ನಾನು ಗಂಗೇಶನ ಕಡೆಗೆ ಸರಿಯುತ್ತೇನೆ. ನಿನ್ನ ಅಪ್ಪ ಇದನ್ನು ಒಪ್ಪುವುದಿಲ್ಲ. ನೋವಿನ ಉದಾಹರಣೆಯನ್ನು ಒಪ್ಪಿದ ಮೇಲೆ ಸಾಕ್ಷಿಯನ್ನು ಒಪ್ಪದೆ ವಿಧಿಯಿಲ್ಲ ಎಂಬುದು ಅವರ ಹಟ. ನಿನ್ನ ಪಕ್ಷ ಯಾವುದೆಂದು ಕಾರಣ ಸಹಿತ ಬರೆ. ಇಬ್ಬರೂ ಸರಿ ಎಂದು ಮಾತ್ರ ಬರೆಯಬೇಡ.

ನಿನ್ನ
ಅಮ್ಮ