ಸೀಟು ಜೂನ್‌ನಲ್ಲಿ, ಸ್ಕಾಲರ್‌ಶಿಪ್ ಯಾವಾಗ?

ಸಂಪಾದಕರಿಗೆ ನಮಸ್ಕಾರ.

ಪಿಯುಸಿ ರಿಸಲ್ಟ್ ಬಂದ ಕೂಡಲೇ ಪತ್ರಿಕೆಗಳಲ್ಲಿ ಯಾವ ಕೋರ್ಸ್ ಸೇರಬೇಕು, ಯಾವುದಕ್ಕೆ ಬೇಡಿಕೆ ಜಾಸ್ತಿ ಅಂತ ಪುಟಗಟ್ಟಲೆ ಬರುತ್ತದೆ. ಸ್ಕಾಲರ್‌ಶಿಪ್ ಬಗ್ಗೆಯೂ ಬರುತ್ತದೆ, ಆದರೆ ಅದು ಬೇರೆ ಯಾವತ್ತೋ. ಸರ್ಕಾರದ ಲೆಕ್ಕದಲ್ಲೂ ಇವೆರಡೂ ಬೇರೆ ಬೇರೆ ಕಾಲಕ್ಕೆ ನಡೆಯುವ ಕೆಲಸಗಳೇ. ನನ್ನ ತಕರಾರು ಇರುವುದು ಅಲ್ಲೇ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವುದು, ವಾರದ ಬಟವಾಡೆ ಮಾಡುವುದು, ಗೊಬ್ಬರ, ಔಷಧಿಯ ಲೆಕ್ಕ ಇಡುವುದು ನನ್ನ ಕೆಲಸ. ಆಫೀಸಿನಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇದೆ. ಹಾಗಾಗಿ ಆಳುಗಳು ಇರುವ ಲೈನ್ ಮನೆಗಳ ಮಕ್ಕಳ ಅರ್ಜಿಗಳೂ ನನ್ನ ಟೇಬಲ್ಲಿಗೇ ಬರುತ್ತವೆ. ಮೂಡಿಗೆರೆ ಪೇಟೆಗೆ ಹೋಗಿ ಸೈಬರ್‌ನಲ್ಲಿ ಕ್ಯೂ ನಿಂತರೆ ಅವತ್ತಿನ ಕೂಲಿ ಹೋಯಿತು ಅಲ್ವಾ? ತೋಟದ ಸಾಹುಕಾರರೂ ಬೇಡ ಅಂದಿಲ್ಲ.

ನಮ್ಮಲ್ಲಿ ಅಡ್ವಾನ್ಸ್ ಪುಸ್ತಕ ಅಂತ ಒಂದು ಇರುತ್ತದೆ. ತೋಟದ ಕಡೆಯವರಿಗೆ ಹೇಳಬೇಕಾಗಿಲ್ಲ. ಮದುವೆ, ಆಸ್ಪತ್ರೆ, ಹಬ್ಬ ಅಂತ ಆಳುಗಳು ತೆಗೆದುಕೊಳ್ಳುವ ಮುಂಗಡ ಅದರಲ್ಲಿ ಬರೆದಿರುತ್ತೇವೆ, ಆಮೇಲೆ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಹಿಡಿಯುತ್ತೇವೆ. ಜೂನ್ ಬಂತೆಂದರೆ ಅದರಲ್ಲಿ ‘ಕಾಲೇಜು ಫೀಸು’ ಅಂತ ಬರೆಯುವುದು ಹೆಚ್ಚಾಗುತ್ತದೆ. ಅದೂ ಯಾವ ತಿಂಗಳಲ್ಲಿ ನೋಡಿ. ಕೊಯ್ಲಿನ ಕಾಲದಲ್ಲಾದರೆ ಕೆಜಿ ಲೆಕ್ಕದ ಕೂಲಿ, ಗಂಡ ಹೆಂಡತಿ ಇಬ್ಬರೂ ಕೊಯ್ದರೆ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ರೊಬಸ್ಟಾ ಕೊಯ್ಲು ಮುಗಿಯುವುದು ಮಾರ್ಚ್ ಹೊತ್ತಿಗೆ. ಜೂನ್, ಜುಲೈ ಅಂದರೆ ನಮ್ಮ ಕಡೆ ಕಂಬಳಿ ಹೊದ್ದು ಕೂರುವ ಮಳೆ. ಎಷ್ಟೋ ದಿನ ಕೆಲಸವೇ ಇರುವುದಿಲ್ಲ. ಸೀಟು ಸಿಗುವುದು, ಫೀಸು ಕಟ್ಟು ಅನ್ನುವುದು ಆಗಲೇ.

ನಮ್ಮ ಲೈನಿನ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಪರಿಶಿಷ್ಟ ಜಾತಿಯ ಕುಟುಂಬ. ಸರ್ಕಾರಿ ಕಾಲೇಜಿನಲ್ಲಿ ಕಾಮರ್ಸ್ ಓದಿ ಒಳ್ಳೆ ಮಾರ್ಕ್ಸ್ ತೆಗೆದಳು. ಬಿಸಿಎ ಓದಬೇಕೆಂಬ ಆಸೆ. ಜಿಲ್ಲಾ ಕೇಂದ್ರದ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ‘ಸ್ಕಾಲರ್‌ಶಿಪ್ ಬರುತ್ತೆ, ಆದ್ರೆ ಮೊದಲು ಫೀಸು ಕಟ್ಟಿ. ಅದು ಬಂದಾಗ ನಿಮ್ಮ ಅಕೌಂಟಿಗೇ ಬರುತ್ತಲ್ಲ’ ಅಂದರು ಅಲ್ಲಿಯವರು. ಮಾತು ಸುಳ್ಳಲ್ಲ, ಬರುತ್ತದೆ. ಯಾವಾಗ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಅವಳ ಅಮ್ಮ ಆಫೀಸಿಗೆ ಬಂದು, ‘ರೈಟ್ರೇ, ಆ ದುಡ್ಡು ಬರೋದು ಗ್ಯಾರಂಟಿನಾ? ಗ್ಯಾರಂಟಿ ಅಂದ್ರೆ ಸಾಹುಕಾರ್ರತ್ರ ಇಸ್ಕೋತೀವಿ’ ಅಂತ ಕೇಳಿದರು. ನಾನು ಗ್ಯಾರಂಟಿ ಹೇಳಲು ಯಾರು? ಅಡ್ವಾನ್ಸ್ ಕೊಟ್ಟೆವು, ಹುಡುಗಿ ಸೇರಿದಳು. ಸ್ಕಾಲರ್‌ಶಿಪ್ ಅಕೌಂಟಿಗೆ ಬೀಳುವಷ್ಟರಲ್ಲಿ ಅವಳ ಅಪ್ಪನ ಕೂಲಿಯಲ್ಲಿ ಆ ಅಡ್ವಾನ್ಸ್ ಪೂರ್ತಿ ಹಿಡಿದಾಗಿತ್ತು. ಸರ್ಕಾರದ ನೆರವು ತಡವಾದದ್ದಕ್ಕೆ ಒಂದು ಮನೆಯ ಅಡುಗೆ ಸಾಮಾನು ಕಡಿಮೆಯಾಯಿತು, ಅಷ್ಟೇ.

ಅರ್ಜಿ ಹಾಕುವ ಕೆಲಸ ಹೇಗಿರುತ್ತದೆ ಅಂತ ಅಧಿಕಾರಿಗಳು ಒಮ್ಮೆ ಮಳೆಗಾಲದಲ್ಲಿ ಬಂದು ನೋಡಬೇಕು. ಪದವಿ ಪ್ರವೇಶಕ್ಕೆ ಯುಯುಸಿಎಂಎಸ್ ಅನ್ನುವ ಸರ್ಕಾರದ ಪೋರ್ಟಲ್. ಅದರಲ್ಲಿ ಹೆಸರು, ಆಧಾರ್, ಜಾತಿ ಆದಾಯ ಪತ್ರದ ಆರ್‌ಡಿ ನಂಬರ್ ಎಲ್ಲ ಹಾಕುತ್ತೇವೆ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್. ಅದು ಎಷ್ಟೋ ತಿಂಗಳಾದ ಮೇಲೆ ತೆರೆಯುತ್ತದೆ. ಅಲ್ಲಿ ಮತ್ತೆ ಅದೇ ಹೆಸರು, ಅದೇ ಆಧಾರ್, ಅದೇ ಆರ್‌ಡಿ ನಂಬರ್. ಹಾಸ್ಟೆಲ್ ಬೇಕೆಂದರೆ ಅದಕ್ಕೆ ಇನ್ನೊಂದು ಪೋರ್ಟಲ್. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಅಪ್ಪನದ್ದಾಗಿರುತ್ತದೆ. ಅಪ್ಪ ಕೆಳಗಿನ ಬ್ಲಾಕಿನಲ್ಲಿ ಗುಂಡಿ ತೆಗೆಯುತ್ತಿರುತ್ತಾನೆ, ಅಲ್ಲಿ ನೆಟ್‌ವರ್ಕ್ ಇಲ್ಲ. ಮಗಳು ಓಡಿಹೋಗಿ ಫೋನ್ ಇಸ್ಕೊಂಡು ಗೇಟಿನ ಹತ್ತಿರ ಏರಿನ ಮೇಲೆ ನಿಂತರೆ ಎರಡು ಕಡ್ಡಿ ಸಿಗ್ನಲ್. ಒಟಿಪಿ ಬಂದದ್ದನ್ನು ಅಲ್ಲಿಂದಲೇ ಕೂಗಿ ಹೇಳುತ್ತಾಳೆ. ನಾನು ಇಲ್ಲಿ ಟೈಪ್ ಮಾಡುವಷ್ಟರಲ್ಲಿ ಕರೆಂಟ್ ಹೋಗಿರುತ್ತದೆ. ಪುಣ್ಯಕ್ಕೆ ಯುಪಿಎಸ್ ಇದ್ದರೆ ಸೈಟ್ ಸುತ್ತುತ್ತಾ ಕೂತಿರುತ್ತದೆ. ಇನ್ನು ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ಕೇಳುವುದೇ ಬೇಡ.

ಅರ್ಜಿ ಹೋದ ಮೇಲೂ ಮುಗಿಯುವುದಿಲ್ಲ. ಕಾಲೇಜಿನವರು ಅವರ ಲಾಗಿನ್‌ನಲ್ಲಿ ಪರಿಶೀಲಿಸಬೇಕು, ಆಮೇಲೆ ಇಲಾಖೆ ಮಂಜೂರು ಮಾಡಬೇಕು. ಹಣ ಬೀಳುವುದು ಆಧಾರ್ ಜೋಡಣೆಯಾದ ಅಕೌಂಟಿಗೆ, ಅದೂ ಕೊನೆಗೆ ಯಾವ ಬ್ಯಾಂಕಿನಲ್ಲಿ ಜೋಡಿಸಿದ್ದೀರೋ ಅದಕ್ಕೆ. ಇಲ್ಲಿನ ಹುಡುಗರು ಮೂರು ಕಡೆ ಖಾತೆ ತೆರೆದಿರುತ್ತಾರೆ, ಯಾವುದಕ್ಕೆ ಬಿತ್ತು ಅಂತ ಹುಡುಕುವುದೇ ಇನ್ನೊಂದು ಕೆಲಸ.

ಇದೇ ಆಫೀಸಿನಲ್ಲಿ ಕೂತು ಬೇರೆ ಥರದ ಅರ್ಜಿಯೊಂದಕ್ಕೂ ಕಾಗದ ಜೋಡಿಸಿದ್ದೇನೆ. ನಮ್ಮ ಸಾಹುಕಾರರ ಮಗಳು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಿಗೆ ಪದವಿ ಓದಲು ಅರ್ಜಿ ಹಾಕಿದ್ದಳು. ಅಲ್ಲಿ ಫೀಸಿನಲ್ಲಿ ನೆರವು ಬೇಕೆಂದರೆ ಸಿಎಸ್‌ಎಸ್ ಪ್ರೊಫೈಲ್ ಅಂತ ಒಂದು ಫಾರಂ ತುಂಬಬೇಕು. ಮನೆ, ಜಮೀನು, ಸಾಲ, ಓದುವ ತಮ್ಮ ತಂಗಿ, ಒಂದನ್ನೂ ಬಿಡದೆ ಕೇಳುತ್ತಾರೆ. ಕಾಫಿ ಬೆಳೆದು ಒಣಗಿಸಿ ಮಾರಿದ ಹಣ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಬರೀ ರಿಟರ್ನ್ಸ್ ಕೊಟ್ಟರೆ ತೋಟದ ಲೆಕ್ಕ ಅವರಿಗೆ ಅರ್ಥವಾಗುವುದಿಲ್ಲ. ಕಾಫಿ ಮಾರಿದ ಬಿಲ್ಲುಗಳನ್ನು ಹುಡುಕಿ, 50 ಕೆಜಿ ಮೂಟೆಯ ಲೆಕ್ಕವನ್ನು ಡಾಲರ್‌ಗೆ ತಿರುಗಿಸಿ, ಕೂಲಿ, ಗೊಬ್ಬರದ ಖರ್ಚು ಕಳೆದು ಪಟ್ಟಿ ಮಾಡಿಕೊಟ್ಟೆ. ಅದೂ ಸುಲಭದ ಕೆಲಸವೇನಲ್ಲ. ಅಲ್ಲಿನ ವ್ಯವಸ್ಥೆಯಲ್ಲಿ ಎಲ್ಲ ಸರಿಯಿದೆ ಅಂತಲೂ ನಾನು ಹೇಳುತ್ತಿಲ್ಲ. ನೆರವು ಕೇಳಿದ್ದನ್ನು ಲೆಕ್ಕಿಸದೆ ಹೊರದೇಶದವರನ್ನು ಆರಿಸಿಕೊಳ್ಳುವುದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಬೆರಳೆಣಿಕೆಯ ಕಡೆ ಮಾತ್ರ. ಉಳಿದೆಡೆ ನೆರವು ಕೇಳಿದ್ದಕ್ಕೇ ಸೀಟು ತಪ್ಪಬಹುದು.

ಆದರೆ ಒಂದು ಮಾತು. ಸೀಟು ಸಿಕ್ಕಿದೆ ಎಂಬ ಪತ್ರದ ಜೊತೆಗೇ, ಎಷ್ಟು ಫೀಸು, ಅದರಲ್ಲಿ ನಾವೆಷ್ಟು ಬಿಡುತ್ತೇವೆ, ನೀವೆಷ್ಟು ಕಟ್ಟಬೇಕು ಎಂಬ ಪತ್ರವೂ ಬಂತು. ಮಾರ್ಚ್ ಕೊನೆಯ ಹೊತ್ತಿಗೆ ಎಲ್ಲ ಕಣ್ಣ ಮುಂದಿತ್ತು. ಬರುತ್ತೇನೋ ಇಲ್ಲವೋ ಅಂತ ಹೇಳಲು ಮೇ 1ರವರೆಗೆ ಟೈಮ್. ಒಂದು ಕಡೆ ಸೀಟು ಸಿಕ್ಕಿ ನೆರವು ಸೊನ್ನೆ ಇತ್ತು. ಸಾಹುಕಾರರು ಅದನ್ನು ಅವತ್ತೇ ಬದಿಗಿಟ್ಟರು. ಲೆಕ್ಕ ಗೊತ್ತಿದ್ದರೆ ತೀರ್ಮಾನಕ್ಕೆ ಎಷ್ಟು ಹೊತ್ತು ಬೇಕು? ನಲವತ್ತು ಎಕರೆ ಇರುವವರಿಗೆ ಮೊದಲೇ ಗೊತ್ತಾಗುತ್ತದೆ. ಅವರ ತೋಟದಲ್ಲೇ ಕೆಲಸ ಮಾಡುವವರು ಸಾಲ ಮಾಡಿ ಸೇರಿಸಿ ಆಮೇಲೆ ಕಾಯಬೇಕು.

ನಮ್ಮಲ್ಲಿ ಇದು ಆಗದ ಕೆಲಸ ಅನ್ನುವಂತೆಯೂ ಇಲ್ಲ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಫ್ರೀಶಿಪ್ ಕಾರ್ಡ್’ ಅಂತ ಇದೆ. ಅರ್ಹರಿಗೆ ಮೊದಲೇ ಆ ಕಾರ್ಡ್ ಕೊಡುವುದು, ಅದನ್ನು ತೋರಿಸಿದರೆ ಮುಂಗಡ ಫೀಸು ಇಲ್ಲದೆ ಸೇರಿಸಿಕೊಳ್ಳುವುದು, ಹಣ ಬಂದ ಮೇಲೆ ವಿದ್ಯಾರ್ಥಿ ಕಟ್ಟುವುದು. ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ. ಖರ್ಚಿನಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ನಮ್ಮ ಹುಡುಗಿ ಕಾಲೇಜಿಗೆ ಹೋದಾಗ ಆ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಬಸ್ ಫ್ರೀ ಆಯಿತು. ಆಧಾರ್ ಕಾರ್ಡ್ ತೋರಿಸಿದರೆ ಹತ್ತಿಸಿಕೊಳ್ಳುತ್ತಾರೆ. ಈಗ ಟಿಕೆಟ್ ದುಡ್ಡು ಕೊಡಿ, ಆಮೇಲೆ ಅಕೌಂಟಿಗೆ ಹಾಕುತ್ತೇವೆ ಅಂದಿದ್ದರೆ ಎಷ್ಟು ಜನ ಹತ್ತುತ್ತಿದ್ದರು?

ನಾನು ಕೇಳುವುದು ದೊಡ್ಡದೇನಲ್ಲ. ಪಿಯುಸಿ ಫಲಿತಾಂಶ ಏಪ್ರಿಲ್‌ನಲ್ಲೇ ಬರುತ್ತಿದೆ. ಆದಾಯ ಪತ್ರ ಐದು ವರ್ಷ ನಡೆಯುತ್ತದೆ, ಕೊಡುವುದು ಸರ್ಕಾರದ ನಾಡಕಚೇರಿಯೇ. ಆರ್‌ಡಿ ನಂಬರ್ ಹೊಡೆದರೆ ಈ ಮನೆ ಮಿತಿಯೊಳಗಿದೆಯೋ ಇಲ್ಲವೋ ತಿಳಿಯುತ್ತದೆ. ಯುಯುಸಿಎಂಎಸ್‌ನಲ್ಲಿ ಅರ್ಜಿ ಹಾಕಿದ ದಿನವೇ ‘ಇವರು ಸ್ಕಾಲರ್‌ಶಿಪ್‌ಗೆ ಅರ್ಹರು, ಇಷ್ಟು ಬರುತ್ತದೆ’ ಅಂತ ಒಂದು ಹಾಳೆ ಪ್ರಿಂಟ್ ಆಗಿ ಬರಲಿ. ಅದನ್ನು ಒಪ್ಪಿ ಫೀಸಿಗೆ ಕಾಯಬೇಕೆಂದು ಕಾಲೇಜುಗಳಿಗೆ, ಖಾಸಗಿಯವೂ ಸೇರಿದಂತೆ, ಆದೇಶ ಹೋಗಲಿ. ಕಾಲೇಜು ನಡೆಸುವವರಿಗೂ ಸಂಬಳ ಕೊಡಬೇಕು, ಅವರು ಎಷ್ಟು ದಿನ ಕಾಯುತ್ತಾರೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಕಾಯುವ ಶಕ್ತಿ ದಿನಗೂಲಿಯವನಿಗಿಂತ ಕಾಲೇಜಿಗೆ ಜಾಸ್ತಿ ಇದೆ. ಸರ್ಕಾರವನ್ನು ಬೇಗ ಕೊಡಿ ಅಂತ ಕೇಳಿ ಪಡೆಯುವ ಬಾಯಿಯೂ ಅವರಿಗೇ ಜಾಸ್ತಿ.

ಇದೂ ಈ ವರ್ಷಕ್ಕೆ ಆಗುವುದಿಲ್ಲ ಅನ್ನುವುದಾದರೆ, ಪ್ರವೇಶದ ಪ್ರಕಟಣೆ ಹೊರಡಿಸುವಾಗ ಅದರ ಕೆಳಗೇ ಎಸ್‌ಎಸ್‌ಪಿ ಯಾವ ದಿನ ತೆರೆಯುತ್ತದೆ, ಯಾವ ದಿನದೊಳಗೆ ಹಣ ಹಾಕುತ್ತೇವೆ ಎಂಬ ಎರಡು ತಾರೀಖನ್ನಾದರೂ ಅಚ್ಚು ಹಾಕಿ. ಅಡ್ವಾನ್ಸ್ ಎಷ್ಟು ತಿಂಗಳಲ್ಲಿ ಹಿಡಿಯಬೇಕು ಅಂತ ಲೆಕ್ಕ ಹಾಕಲು ನನಗೂ ಅನುಕೂಲ.

ಇಂತಿ,
ಒಬ್ಬ ತೋಟದ ರೈಟರ್,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ