ಅಪರೂಪದ್ದೋ ಅಲ್ಲವೋ, ಕೆಸರನ್ನು ಕೇಳಬೇಕು

ಮಾನ್ಯ ಸಂಪಾದಕರೇ,

ಕೊಪ್ಪಳ ಸಮೀಪದ ಬೆಟ್ಟದ ದೊಣೆಯೊಂದರಲ್ಲಿ, ಅಂದರೆ ಬಂಡೆಯ ಮೇಲೆ ಮಳೆನೀರು ನಿಲ್ಲುವ ಹೊಂಡದಲ್ಲಿ, ‘ಅಪರೂಪದ ನೀರಿನ ಕೀಟ’ ಸಿಕ್ಕಿದೆ ಎಂದು ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರದೊಂದಿಗೆ ತಮ್ಮ ಪತ್ರಿಕೆ ಕಳೆದ ವಾರ ಪ್ರಕಟಿಸಿದ ಸುದ್ದಿಯನ್ನು ಓದಿ ಸಂತೋಷವೂ ಆಯಿತು, ತುಸು ಕಸಿವಿಸಿಯೂ ಆಯಿತು. ಚಿತ್ರದಲ್ಲಿರುವುದು ಕೀಟವಲ್ಲ, ನೀರುಚಿಗಟ. ನಾಯಿಯ ಮೈಮೇಲಿನ ಚಿಗಟಕ್ಕೂ ಇದಕ್ಕೂ ನಂಟಿಲ್ಲ. ಇದು ಸೀಗಡಿ, ಏಡಿಗಳ ಬಳಗದ್ದು. ಕುಪ್ಪಳಿಸುತ್ತ ಈಜುವುದರಿಂದ ಆ ಹೆಸರು ಅಂಟಿಕೊಂಡಿದೆ. ಜೀವಿಗಳಿಗೆ ಲ್ಯಾಟಿನ್ ಜೋಡಿಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕೂಡ 1758ರಲ್ಲಿ ಇಂಥದ್ದೊಂದಕ್ಕೆ ಲ್ಯಾಟಿನ್ನಿನಲ್ಲಿ ಚಿಗಟವೆಂದೇ ಅರ್ಥವಿರುವ ‘ಪ್ಯೂಲೆಕ್ಸ್’ ಎಂಬ ಹೆಸರಿಟ್ಟಿದ್ದ.

ನನ್ನ ನಿಜವಾದ ತಕರಾರು ‘ಅಪರೂಪ’ ಎಂಬ ಮಾತಿನದು. ಇದು ಯಾವ ಪ್ರಭೇದ ಎಂದು ಹೇಳಬೇಕಾದರೆ ಪ್ರಾಣಿಯನ್ನು ಗ್ಲಿಸರಿನ್ ಹನಿಯಲ್ಲಿ ಮಲಗಿಸಿ, ಸೂಜಿಯಿಂದ ಚಿಪ್ಪು ಬಿಡಿಸಿ, ಈಜಲು ಬಳಸುವ ಮೀಸೆಯ ಒಂದೊಂದು ಕವಲಿನಲ್ಲಿ ಎಷ್ಟು ಬಿರುಗೂದಲಿವೆ, ಬಾಲದ ಕಡೆಯ ಕೊಕ್ಕೆಯ ಬುಡದಲ್ಲಿ ಎಷ್ಟು ಮುಳ್ಳುಗಳಿವೆ, ಕೆಲವು ಕುಟುಂಬಗಳಲ್ಲಾದರೆ ನೆತ್ತಿಯ ಮೇಲೆ ಎಷ್ಟು ರಂಧ್ರಗಳಿವೆ ಎಂದು ಸೂಕ್ಷ್ಮದರ್ಶಕದಡಿ ಎಣಿಸಬೇಕು. ಅರ್ಧ ಮಿಲಿಮೀಟರಿನ ಪ್ರಾಣಿಯಲ್ಲಿ ಈ ಎಣಿಕೆಗೆ ಒಂದು ಮಧ್ಯಾಹ್ನವೇ ಹಿಡಿಯುತ್ತದೆ. ಬೆರಳು ನಡುಗಿ ಕೊಕ್ಕೆ ಮುರಿದರೆ ಮತ್ತೊಂದು ಪ್ರಾಣಿಯನ್ನು ಹಿಡಿದು ಮೊದಲಿನಿಂದ ಶುರು. ಸಾಲದ್ದಕ್ಕೆ, ಅನುಕೂಲದ ದಿನಗಳಲ್ಲಿ ಹೆಣ್ಣುಗಳು ಗಂಡಿನ ಹಂಗಿಲ್ಲದೆ ಮರಿ ಹಾಕುವುದರಿಂದ, ಗುರುತು ಖಚಿತಪಡಿಸಲು ಎಷ್ಟೋ ಸಲ ಬೇಕಾಗುವ ಗಂಡು ಬಲೆಗೆ ಬೀಳುವುದೇ ಕಡಿಮೆ. ಪ್ರಭೇದ ಹೊಸದೇ ಆದಲ್ಲಿ ಅದರ ಮೂಲ ಮಾದರಿಯನ್ನು ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಂಥ ಸಂಗ್ರಹದಲ್ಲಿಟ್ಟು, ವಿವರಣೆ ಪ್ರಕಟಿಸಬೇಕು. ನಮ್ಮ ಸೀಮೆಯ ಬಹುಪಾಲು ದೊಣೆಗಳಿಗೆ ಯಾರೂ ಬಲೆ ಇಳಿಸಿರಲಾರರು. ನೋಡದೆ ಬಿಟ್ಟದ್ದನ್ನೆಲ್ಲ ಅಪರೂಪ ಎನ್ನಲಾದೀತೇ?

ನೀರು ಬತ್ತುವ ಮುನ್ನ ಹೆಣ್ಣು ನೀರುಚಿಗಟವು ಜೀನಿನಾಕಾರದ ಗಟ್ಟಿ ಕೋಶದಲ್ಲಿ ಮೊಟ್ಟೆಯಿಟ್ಟು ಕೆಸರಿಗೆ ಬಿಡುತ್ತದೆ. ಕೆಸರು ಒಣಗಿದರೂ ಈ ಮೊಟ್ಟೆಗಳು ಉಳಿದು, ಮತ್ತೆ ನೀರು ಸಿಕ್ಕಾಗ ಮರಿಯಾಗುತ್ತವೆ. ನಾರ್ವೆಯ ಸಾರ್ಸ್ ಎಂಬ ವಿಜ್ಞಾನಿ ಆಸ್ಟ್ರೇಲಿಯಾದಿಂದ ತರಿಸಿದ ಒಣ ಕೆಸರನ್ನು ನೀರಿಗೆ ಹಾಕಿ, ಅದರಿಂದೆದ್ದ ನೀರುಚಿಗಟವೊಂದನ್ನು 1885ರಲ್ಲಿ ‘ಡ್ಯಾಫ್ನಿಯಾ ಲುಮ್‌ಹೋಲ್ಟ್ಜಿ’ ಎಂದು ವರ್ಣಿಸಿದ. ನಾನೂ ಒಂದು ಬಿರುಬೇಸಿಗೆಯಲ್ಲಿ ಬತ್ತಿದ ದೊಣೆಯಿಂದ ಹಿಡಿಯಷ್ಟು ಹೆಕ್ಕಳೆ ಕೆರೆದು ತಂದು, ಹಿಂದಿನ ವರ್ಷ ಹಿಡಿದಿಟ್ಟಿದ್ದ ಮಳೆನೀರನ್ನು ಉಪ್ಪಿನಕಾಯಿ ಭರಣಿಗೆ ಸುರಿದು ಅದರಲ್ಲಿ ನೆನೆಹಾಕಿದ್ದೆ. ನಾಲ್ಕನೆಯ ಬೆಳಿಗ್ಗೆ ಧೂಳಿನ ಕಣಗಳಂಥವು ತಟಕ್ಕನೆ ಮೇಲೆದ್ದು ಮೆಲ್ಲಗೆ ಇಳಿಯುತ್ತಿದ್ದವು.

ಆದ್ದರಿಂದ ಹಬ್ಬಕ್ಕೆಂದು ದೊಣೆ ತೊಳೆಯುವವರು ಕೆಸರನ್ನೆಲ್ಲ ಬಂಡೆಯ ಕೆಳಗೆ ಚೆಲ್ಲದೆ, ಒಂದು ಬಟ್ಟೆಚೀಲದಷ್ಟನ್ನು ನೆರಳಿನಲ್ಲಿ ಒಣಗಿಸಿ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡಲಿ. ಈ ಪ್ರಾಣಿಯನ್ನು ಕಂಡ ಯುವಕರಲ್ಲೂ ಒಂದು ವಿನಂತಿ: ಕೆಲವನ್ನು ಆಲ್ಕೊಹಾಲಿನಲ್ಲಿ ಹಾಕಿಡಿ, ಫಾರ್ಮಲಿನ್‌ನಲ್ಲಿ ಆಕಾರ ಉಳಿದರೂ ಡಿಎನ್‌ಎ ಕೆಡುತ್ತದೆ. ಬೆಟ್ಟ ಯಾವುದು, ದೊಣೆ ಯಾವುದು, ಹಿಡಿದ ದಿನ ಯಾವುದು ಎಂಬ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಸೀಸೆಯೊಳಗೇ ಹಾಕಿ, ಏಕೆಂದರೆ ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿಹೋಗುತ್ತದೆ.

– ಪ್ರಾಣಿಶಾಸ್ತ್ರ ಉಪನ್ಯಾಸಕ, ಕೊಪ್ಪಳ